ಪಳಗಿದ ಕೈಯ ವಿಜ್ಞಾನಿ ಕಮಲಾ ಸೊಹೊನಿ

ಮಕ್ಕಳೇ, ಚಳಿಗಾಲ ಬಂತೆಂದರೆ ಕೊಳ್ಳೇಗಾಲ, ಹನೂರು, ಯಳಂದೂರಿನ ಸಂತೆಗಳಲ್ಲಿ ಅವರೆಕಾಯಿಯ ಘಮ ಹರಡುತ್ತದೆ. ಮನೆಮನೆಯಲ್ಲೂ ಅವರೆಕಾಳಿನ ಸಾರು. ಆದರೆ ಕಾಳನ್ನು ಚೆನ್ನಾಗಿ ಬೇಯಿಸಿಯೇ ತಿನ್ನಬೇಕು ಎಂದು ಮನೆಯಲ್ಲಿ ಹಿರಿಯರು ಹೇಳುವುದನ್ನು ನೀವು ಕೇಳಿರಬಹುದು. ಏಕೆ ಗೊತ್ತೇ? ಈ ಪ್ರಶ್ನೆಯನ್ನು ಪ್ರಯೋಗಾಲಯಕ್ಕೆ ಒಯ್ದವರಲ್ಲಿ ಒಬ್ಬರು ಡಾ. ಕಮಲಾ ಸೊಹೊನಿ. ಅವರು ಸಂಶೋಧನೆ ಕಲಿತದ್ದು ನಮ್ಮ ಬೆಂಗಳೂರಿನಲ್ಲಿ. ಆದರೆ ಅಲ್ಲಿ ಒಳಗೆ ಕಾಲಿಡುವುದೇ ಅವರಿಗೆ ಕಷ್ಟವಾಗಿತ್ತು.

ಮುಚ್ಚಿದ ಬಾಗಿಲು

ಕಮಲಾ ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ತಂದೆ ನಾರಾಯಣರಾವ್ ಭಾಗವತ್, ಚಿಕ್ಕಪ್ಪ ಮಾಧವರಾವ್ ಭಾಗವತ್. ಇಬ್ಬರೂ ರಸಾಯನಶಾಸ್ತ್ರ ಓದಿದವರು, ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳು. ಜನ ಆ ಸಂಸ್ಥೆಯನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದರು. ತಾನೂ ಅಲ್ಲಿಯೇ ಕಲಿಯಬೇಕೆಂಬುದು ಕಮಲಾಳ ಆಸೆ.

1933ರಲ್ಲಿ ಕಮಲಾ ಮುಂಬಯಿ ವಿಶ್ವವಿದ್ಯಾನಿಲಯದಿಂದ ಬಿ.ಎಸ್ಸಿ. ಪದವಿ ಪಡೆದರು. ರಸಾಯನಶಾಸ್ತ್ರ ಮುಖ್ಯ ವಿಷಯ, ಭೌತಶಾಸ್ತ್ರ ಜೊತೆಯ ವಿಷಯ. ಆ ಕೂಡಲೇ ಬೆಂಗಳೂರಿಗೆ ಅರ್ಜಿ ಹಾಕಿದರು. ಆಗ ಸಂಸ್ಥೆಯ ನಿರ್ದೇಶಕರು ನೊಬೆಲ್ ಪ್ರಶಸ್ತಿ ಪಡೆದ ಸರ್ ಸಿ.ವಿ. ರಾಮನ್. ಅವರು ಅರ್ಜಿಯನ್ನು ಒಪ್ಪಲಿಲ್ಲ. ಕಾರಣ, ಅರ್ಜಿ ಹಾಕಿದವಳು ಹುಡುಗಿ! ಹೆಣ್ಣುಮಕ್ಕಳು ಸಂಶೋಧನೆಗೆ ತಕ್ಕವರಲ್ಲ ಎಂಬ ಭಾವನೆ ಆಗ ದೊಡ್ಡ ದೊಡ್ಡವರಲ್ಲೂ ಇತ್ತು.

ಕಮಲಾ ಮನೆಗೆ ಮರಳಿ ಸುಮ್ಮನೆ ಕೂರಲಿಲ್ಲ. ಬೆಂಗಳೂರಿಗೇ ಬಂದು ಕಾರಣ ಕೇಳಿದರು, ಪಟ್ಟು ಹಿಡಿದರು. ಕೊನೆಗೆ ಪ್ರವೇಶ ಸಿಕ್ಕಿತು, ಆದರೆ ಷರತ್ತುಗಳೊಡನೆ. ಮೊದಲ ಒಂದು ವರ್ಷ ಅವರು ಪೂರ್ಣ ವಿದ್ಯಾರ್ಥಿನಿಯಲ್ಲ. ಗುರುಗಳು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಅವರಿಂದ ಪ್ರಯೋಗಾಲಯದ ವಾತಾವರಣ ಕೆಡಬಾರದು. ಜೊತೆಯ ಹುಡುಗರಿಗೆ ಇಂಥ ಷರತ್ತು ಇರಲಿಲ್ಲ. ಇದು ತಮಗೂ ಎಲ್ಲ ಹೆಣ್ಣುಮಕ್ಕಳಿಗೂ ಆದ ಅವಮಾನವೆಂದು ಕಮಲಾ ನೊಂದರು. ಮುಪ್ಪಿನಲ್ಲೂ ಅದನ್ನು ಮರೆಯಲಿಲ್ಲ. ಆದರೂ ಕಲಿಯುವ ಆಸೆಯಿಂದ ಒಪ್ಪಿಕೊಂಡರು.

ಕೈ ಪಳಗಿದ್ದು ಹೀಗೆ

ಅವರಿಗೆ ಸಿಕ್ಕ ಗುರುಗಳು ಎಂ. ಶ್ರೀನಿವಾಸಯ್ಯ. ಶಿಸ್ತಿನ ಮನುಷ್ಯ, ಕಲಿಯುವ ಮನಸ್ಸಿದ್ದವರಿಗೆ ಧಾರಾಳವಾಗಿ ಕಲಿಸುವವರು. ಕಮಲಾ ಅವರ ಬಳಿ ಹಾಲು, ಬೇಳೆ, ಕಾಳುಗಳಲ್ಲಿರುವ ಪ್ರೋಟೀನುಗಳ ಅಧ್ಯಯನ ಮಾಡಿದರು. ಪ್ರೋಟೀನ್ ಎಂದರೆ ನಮ್ಮ ದೇಹ ಕಟ್ಟುವ ವಸ್ತು. ಮಾಂಸ ತಿನ್ನದ ಬಡ ಕುಟುಂಬಗಳಿಗೆ ಅದು ಹೆಚ್ಚಾಗಿ ದೊರೆಯುವುದು ಕಾಳುಗಳಿಂದಲೇ. ಆದ್ದರಿಂದ ಈ ಕೆಲಸ ನಮ್ಮ ದೇಶಕ್ಕೆ ಬಹಳ ಬೇಕಾಗಿತ್ತು.

ಕಾಳಿನಿಂದ ಪ್ರೋಟೀನನ್ನು ಬೇರ್ಪಡಿಸುವುದು ಹೇಗೆ? ಕಾಳನ್ನು ಹಿಟ್ಟು ಮಾಡಬೇಕು. ಹಿಟ್ಟನ್ನು ಉಪ್ಪುನೀರಿನಲ್ಲಿ ನೆನೆಸಿದರೆ ಪ್ರೋಟೀನಿನ ಬಹುಭಾಗ ಕರಗುತ್ತದೆ. ಆ ನೀರನ್ನು ಸೋಸಬೇಕು. ಕರಗಿದ ಪ್ರೋಟೀನು ಮತ್ತೆ ಗಟ್ಟಿಯಾಗಿ ತಳಕ್ಕೆ ಇಳಿಯುವಂತೆ ಮಾಡಬೇಕು. ಒಣಗಿಸಿ ತೂಗಬೇಕು. ಓದಲು ಸುಲಭ. ಮಾಡಲು ಹೊರಟರೆ? ಗಾಜಿನ ಪಾತ್ರೆಯಲ್ಲಿ ಹಿಂದಿನ ದಿನದ ಕೊಳೆ ಚೂರು ಉಳಿದಿದ್ದರೂ ಲೆಕ್ಕ ತಪ್ಪುತ್ತದೆ. ಅಳತೆ ನಳಿಗೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿಯದೆ ಮೇಲಿನಿಂದ ನೋಡಿದರೆ ಅಳತೆ ತಪ್ಪುತ್ತದೆ. ಸೀಸೆಯ ಮೇಲೆ ಹೆಸರು ಬರೆಯದಿದ್ದರೆ ಯಾವುದು ಯಾವುದೆಂದೇ ತಿಳಿಯುವುದಿಲ್ಲ. ಒಂದು ಸಲ ಬಂದ ಉತ್ತರವನ್ನು ನಂಬುವಂತಿಲ್ಲ. ಮತ್ತೆ ಮತ್ತೆ ಮಾಡಿ ನೋಡಬೇಕು. ಪುಸ್ತಕ ಓದಿದ ಮಾತ್ರಕ್ಕೆ ಈಜು ಬಾರದು. ಪ್ರಯೋಗವೂ ಹಾಗೆಯೇ. ಮಾಡಿ ಮಾಡಿಯೇ ಕೈ ಪಳಗಬೇಕು.

ವರ್ಷ ತುಂಬಿತು. ಕಮಲಾರ ಕೆಲಸ ನೋಡಿ ರಾಮನ್ ಅವರಿಗೆ ತೃಪ್ತಿಯಾಯಿತು. ಅವರು ಪೂರ್ಣ ವಿದ್ಯಾರ್ಥಿನಿಯಾದರು. ಅಷ್ಟೇ ಅಲ್ಲ, ಸಂಸ್ಥೆಯ ಬಾಗಿಲು ಇತರ ಹುಡುಗಿಯರಿಗೂ ತೆರೆಯಿತು. 1936ರಲ್ಲಿ ಕಮಲಾ ಎಂ.ಎಸ್ಸಿ. ಪದವಿ ಪಡೆದರು.

ಆಲೂಗೆಡ್ಡೆಯಿಂದ ಅವರೆಕಾಳಿಗೆ

ಮುಂದೆ ಅವರು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಆಲೂಗೆಡ್ಡೆಯನ್ನು ಪರೀಕ್ಷಿಸುವಾಗ ಅದರಲ್ಲಿ ಸೈಟೋಕ್ರೋಮ್ ಸಿ ಎಂಬ ವಸ್ತುವನ್ನು ಗುರುತಿಸಿದರು. ಜೀವಕೋಶಗಳು ಉಸಿರಾಡಿ ಆಹಾರದಿಂದ ಶಕ್ತಿ ಪಡೆಯಲು ಈ ವಸ್ತು ಬೇಕು. ಅದು ಸಸ್ಯಗಳಲ್ಲೂ ಇದೆ ಎಂದು ಅವರು ತೋರಿಸಿಕೊಟ್ಟರು. ಅವರ ಪ್ರಬಂಧ ಸುಮಾರು 40 ಪುಟದ್ದು ಮಾತ್ರ! 1939ರಲ್ಲಿ ಅದಕ್ಕೆ ಪಿಎಚ್.ಡಿ. ಪದವಿ ಬಂತು. ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ನೆನೆಯುತ್ತಾರೆ.

ಅದೇ ವರ್ಷ ಸ್ವದೇಶಕ್ಕೆ ಮರಳಿದ ಕಮಲಾ ದೆಹಲಿಯಲ್ಲಿ ಕಲಿಸಿದರು. ಬಳಿಕ ನಿಮ್ಮ ಜಿಲ್ಲೆಯ ನೆರೆಯ ನೀಲಗಿರಿಯ ಕೂನೂರಿನಲ್ಲಿದ್ದ ಪೌಷ್ಟಿಕ ಆಹಾರ ಸಂಶೋಧನಾಲಯದಲ್ಲಿ ಕೆಲಸ ಮಾಡಿದರು. 1947ರಲ್ಲಿ ಎಂ.ವಿ. ಸೊಹೊನಿ ಅವರನ್ನು ಮದುವೆಯಾಗಿ ಮುಂಬಯಿಗೆ ಹೋದರು. ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾಗಿ, ಮುಂದೆ ನಿರ್ದೇಶಕಿಯೂ ಆದರು. ತಾಳೆಮರದ ಸಿಹಿ ರಸವಾದ ನೀರಾದಲ್ಲಿ ಯಾವ ಪೋಷಕಾಂಶಗಳಿವೆ ಎಂದು ಪರೀಕ್ಷಿಸಿದ್ದೂ ಅಲ್ಲಿಯೇ.

ಈಗ ಅವರೆಕಾಳಿಗೆ ಬರೋಣ. ನಮ್ಮ ಹೊಟ್ಟೆಗೆ ಸೇರಿದ ಪ್ರೋಟೀನನ್ನು ಕರುಳಿನಲ್ಲಿ ಟ್ರಿಪ್ಸಿನ್ ಎಂಬ ಕಿಣ್ವ ತುಂಡು ತುಂಡು ಮಾಡುತ್ತದೆ. ಹಸಿ ಅವರೆಕಾಳಿನಲ್ಲಿ ಈ ಟ್ರಿಪ್ಸಿನ್ನಿನ ಕೆಲಸಕ್ಕೆ ಅಡ್ಡಿ ಮಾಡುವ ವಸ್ತುವೊಂದಿದೆ. ಕಮಲಾ ಸಂಗಡಿಗರೊಡನೆ ಸೇರಿ ಅದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. 1955ರಲ್ಲಿ ನೇಚರ್ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಕಾಳನ್ನು ಚೆನ್ನಾಗಿ ಬೇಯಿಸಿದರೆ ಇಂಥ ವಸ್ತುಗಳ ಅಡ್ಡಿ ಬಹುಮಟ್ಟಿಗೆ ತಗ್ಗುತ್ತದೆ. ಹಿರಿಯರ ಮಾತಿನ ಹಿಂದೆ ಎಂಥ ರಸಾಯನಶಾಸ್ತ್ರ ಅಡಗಿದೆ ನೋಡಿದಿರಾ?

ಕಮಲಾ ಸೊಹೊನಿ 1998ರಲ್ಲಿ ನಿಧನರಾದರು. ಒಂದು ಕಾಲಕ್ಕೆ ಅವರನ್ನು ಬೇಡವೆಂದ ಬೆಂಗಳೂರಿನ ಸಂಸ್ಥೆಯಲ್ಲಿ ಇಂದು ನೂರಾರು ಹುಡುಗಿಯರು ಸಂಶೋಧನೆ ನಡೆಸುತ್ತಿದ್ದಾರೆ. ನಾಳೆ ನಿಮ್ಮೂರಿನ ಹುಡುಗಿಯೂ ಅಲ್ಲಿರಬಹುದು.

ಮಾಡಿ ನೋಡಿ

ಎರಡು ಲೋಟ ತೆಗೆದುಕೊಳ್ಳಿ. ಒಂದಕ್ಕೆ ತಣ್ಣನೆಯ ಹಾಲು, ಇನ್ನೊಂದಕ್ಕೆ ಬೆಚ್ಚಗಿನ ಹಾಲು ಹಾಕಿ. ಎರಡರಲ್ಲೂ ಒಂದೇ ಹಾಲು, ಒಂದೇ ಅಳತೆ ಇರಲಿ. ಹಾಲು ಬಿಸಿ ಮಾಡಲು ದೊಡ್ಡವರ ನೆರವು ಪಡೆಯಿರಿ. ಎರಡಕ್ಕೂ ನಿಂಬೆರಸವನ್ನು ಒಂದೊಂದೇ ಹನಿ ಹಾಕಿ ಕಲಕುತ್ತಾ ಹೋಗಿ. ಎಷ್ಟನೆಯ ಹನಿಗೆ ಹಾಲು ಒಡೆಯಿತು? ಬರೆದಿಡಿ. ಬಿಳಿ ಗಂಟುಗಳೇ ಕೇಸಿನ್ ಎಂಬ ಹಾಲಿನ ಪ್ರೋಟೀನು. ಲೋಟ ತೊಳೆದು ಇದೇ ಪ್ರಯೋಗವನ್ನು ಇನ್ನೂ ಎರಡು ಸಲ ಮಾಡಿ. ಮೂರು ಸಲವೂ ಒಂದೇ ಲೆಕ್ಕ ಬಂತೇ? ಬರದಿದ್ದರೆ ಏಕೆ? ನಿಮ್ಮ ಗುರುಗಳೊಡನೆ ಚರ್ಚಿಸಿ.