ಜಮಖಂಡಿಯಿಂದ ಪ್ರಯಾಗಕ್ಕೆ, ಪ್ರಯಾಗದಿಂದ ನಿಂಬಾಳಕ್ಕೆ



ಪದವಿ ಪರೀಕ್ಷೆಯ ಫಲಿತಾಂಶ ಬಂದ ಬಳಿಕ ನಮ್ಮ ಕನ್ನಡ ವಿಭಾಗದ ಕೊಠಡಿಗೆ ಒಬ್ಬಿಬ್ಬರಾದರೂ ಸಲಹೆ ಕೇಳಲು ಬರುವುದು ಪ್ರತಿವರ್ಷದ ವಾಡಿಕೆ. ಈ ಸಲ ಬಂದ ವಿದ್ಯಾರ್ಥಿನಿಯ ಕೈಯಲ್ಲಿ ಎರಡು ಪತ್ರಗಳಿದ್ದವು. ಹತ್ತಿರದ ಒಂದು ವಿಶ್ವವಿದ್ಯಾಲಯ ಆಕೆಗೆ ಶುಲ್ಕ, ವಸತಿ, ಊಟಗಳ ಸಂಪೂರ್ಣ ವಿದ್ಯಾರ್ಥಿವೇತನವನ್ನು ನೀಡಿತ್ತು. ದೂರದ ಮಹಾನಗರದ ಇನ್ನೊಂದು ಹೆಸರಾಂತ ವಿಶ್ವವಿದ್ಯಾಲಯ ಪ್ರವೇಶವನ್ನಷ್ಟೇ ನೀಡಿತ್ತು, ಹಣ ನಮ್ಮದೇ. ಜತ್ತ ತಾಲ್ಲೂಕಿನ ಒಣಬೇಸಾಯದ ಮನೆಯ ಮಗಳಿಗೆ ಇದು ಸಣ್ಣ ಪ್ರಶ್ನೆಯಲ್ಲ. ನಾನು ಕೂಡಲೇ ಉತ್ತರಿಸಲಿಲ್ಲ. ಅದರ ಬದಲು, ನಮ್ಮ ತಾಲ್ಲೂಕಿನ ಉಮದಿಗೆ ಗುರುಋಣ ಹೊತ್ತಿದ್ದ ಒಬ್ಬ ವಿದ್ವಾಂಸರ ಜೀವನವನ್ನು ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ರಾಮಚಂದ್ರ ದತ್ತಾತ್ರೇಯ ರಾನಡೆಯವರು 1886ರ ಜುಲೈ 3ರಂದು ಜಮಖಂಡಿಯಲ್ಲಿ ಜನಿಸಿದರು. ಜಮಖಂಡಿ ಆಗ ಪಟವರ್ಧನರ ಸಂಸ್ಥಾನ. ಮನೆಮಾತು ಮರಾಠಿ, ಬೀದಿಯ ಮಾತು ಕನ್ನಡ, ಪಾಠದ ಮಾತುಗಳು ಸಂಸ್ಕೃತ ಮತ್ತು ಇಂಗ್ಲಿಷ್. ಎರಡು ಭಾಷೆಗಳ ನಡುವೆ ಬೆಳೆದ ನಮಗೆ ಈ ಬಾಲ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಉಮದಿಯ ಭಾವೂಸಾಹೇಬ ಮಹಾರಾಜರು ಜಮಖಂಡಿಗೆ ಬಂದುಹೋಗುತ್ತಿದ್ದರು. 1901ರಲ್ಲಿ, ಇನ್ನೂ ಶಾಲೆಯ ಹುಡುಗನಾಗಿದ್ದಾಗಲೇ, ರಾಮಚಂದ್ರನು ಅವರಿಂದ ನಾಮೋಪದೇಶವನ್ನು ಪಡೆದನು.

ಮರುವರ್ಷ, 1902ರಲ್ಲಿ, ಮೆಟ್ರಿಕ್ಯುಲೇಶನ್ ಪರೀಕ್ಷೆ. ಅಂದಿನ ಮುಂಬಯಿ ಪ್ರಾಂತದಲ್ಲಿ ಸಂಸ್ಕೃತ ಕಲಿತ ಹುಡುಗರ ದೊಡ್ಡ ಕನಸೆಂದರೆ ಜಗನ್ನಾಥ ಶಂಕರಶೇಟ ವಿದ್ಯಾರ್ಥಿವೇತನ. 1865ರಲ್ಲಿ ತೀರಿಕೊಂಡ ಮುಂಬಯಿಯ ದಾನಶೂರ ವರ್ತಕನ ಸ್ಮರಣೆಗಾಗಿ, ಮೆಟ್ರಿಕ್ಯುಲೇಶನ್ನಿನ ಸಂಸ್ಕೃತದಲ್ಲಿ ಅಗ್ರಸ್ಥಾನ ಪಡೆದವರಿಗೆ ಅದು ಸಲ್ಲುತ್ತಿತ್ತು. ಜಮಖಂಡಿಯ ಹುಡುಗನಿಗೆ ಅದು ದೊರೆಯಿತು. ಸಾಮಾನ್ಯ ಸ್ಥಿತಿಯ ಮನೆಯೊಂದಕ್ಕೆ ಅದರಿಂದ ಪುಣೆಯ ದಾರಿ ತೆರೆಯಿತು. ಆತ ಸೇರಿದ್ದು ಡೆಕ್ಕನ್ ಕಾಲೇಜನ್ನು. 1821ರಲ್ಲಿ ಸಂಸ್ಕೃತ ಪಾಠಶಾಲೆಯಾಗಿ ಹುಟ್ಟಿ ಬೆಳೆದ, ತಿಲಕರು ಓದಿದ, ರಾಮಕೃಷ್ಣ ಭಾಂಡಾರಕರರು ಪಾಠ ಹೇಳಿದ ವಿದ್ಯಾಲಯವದು. ಹೀಗೆ ಮೊದಲ ಸಲ ಹಣ ಮತ್ತು ಹೆಸರು ಎರಡೂ ಒಂದೇ ದಾರಿಯನ್ನು ತೋರಿಸಿದವು. ಅಂತಹ ಭಾಗ್ಯ ಎಲ್ಲರಿಗೂ ಒದಗುವುದಿಲ್ಲ. ರಾನಡೆಯವರಿಗೂ ಮತ್ತೆ ಸುಲಭವಾಗಿ ಒದಗಲಿಲ್ಲ.

1907ರಲ್ಲಿ ಅವರು ಬಿ.ಎ. ಮುಗಿಸಿದರು. ಅದೇ ಕಾಲೇಜಿನಲ್ಲಿ ದಕ್ಷಿಣಾ ಫೆಲೋ ಆಗಿ ನೇಮಕಗೊಂಡರು. ಪೇಶ್ವೆಯರು ಶ್ರಾವಣದಲ್ಲಿ ಪಂಡಿತರಿಗೆ ಹಂಚುತ್ತಿದ್ದ ದಕ್ಷಿಣೆಯ ಹಣವೇ ಬ್ರಿಟಿಷರ ಕಾಲದಲ್ಲಿ ರೂಪ ಬದಲಿಸಿ ಈ ಫೆಲೋಶಿಪ್ ಆಗಿತ್ತು. ಮುಂದಿನ ದಾರಿ ನೇರವಾಗಿದೆ ಎಂದೇ ತೋರುತ್ತಿತ್ತು. ಆದರೆ ಆಗ ತೀವ್ರವಾದ ಕಾಯಿಲೆ ಅವರನ್ನು ಹಿಡಿಯಿತು. ಎಂ.ಎ. ಪದವಿ ಕೈಗೆ ಬಂದದ್ದು 1914ರಲ್ಲಿ. ಎರಡು ವರ್ಷಗಳಲ್ಲಿ ಮುಗಿಯಬೇಕಾದುದಕ್ಕೆ ಏಳು ವರ್ಷಗಳು ಹಿಡಿದವು. ತತ್ತ್ವಶಾಸ್ತ್ರದಲ್ಲಿ ಕುಲಾಧಿಪತಿಗಳ ಸುವರ್ಣಪದಕವನ್ನು ಪಡೆದ ವ್ಯಕ್ತಿಯ ಜೀವನದಲ್ಲಿಯೇ ಈ ಏಳು ವರ್ಷಗಳೂ ಇವೆ. ವಿದ್ಯಾರ್ಥಿವೇತನವು ಶುಲ್ಕ ತುಂಬಬಲ್ಲುದು, ಕೀರ್ತಿವಂತ ಕಾಲೇಜು ಗ್ರಂಥಾಲಯದ ಬಾಗಿಲು ತೆರೆಯಬಲ್ಲುದು. ಹಾಸಿಗೆ ಹಿಡಿದವನು ಓದಿನ ಮೇಲಿನ ಪ್ರೀತಿಯನ್ನು ಉಳಿಸಿಕೊಳ್ಳುವುದು ಮಾತ್ರ ಅವನೊಬ್ಬನದೇ ಹೊಣೆ.

ಅದೇ 1914ರಲ್ಲಿ ಉಮದಿಯ ಗುರುಗಳು ದೇಹವಿಟ್ಟರು. ಅವರ ಸಮಾಧಿ ಇಂಚಗೇರಿಯಲ್ಲಿದೆ. ಅದೇ ವರ್ಷ ರಾನಡೆಯವರು ಡೆಕ್ಕನ್ ಎಜುಕೇಶನ್ ಸೊಸೈಟಿಯ ಫರ್ಗ್ಯುಸನ್ ಕಾಲೇಜನ್ನು ಪ್ರಾಧ್ಯಾಪಕರಾಗಿ ಸೇರಿದರು. ಅಲ್ಪ ವೇತನಕ್ಕೆ ದುಡಿಯುವ ಆಜೀವ ಸದಸ್ಯರ ತ್ಯಾಗದ ಮೇಲೆ ನಿಂತ ಸಂಸ್ಥೆಯದು. ಸುವರ್ಣಪದಕ ಪಡೆದವರು ಅಲ್ಲಿಗೆ ಹಣಕ್ಕಾಗಿ ಹೋಗುತ್ತಿರಲಿಲ್ಲ. ಅದೇ ಸೊಸೈಟಿ 1919ರಲ್ಲಿ ನಮ್ಮ ಸಾಂಗಲಿಯಲ್ಲಿ ವಿಲಿಂಗ್ಡನ್ ಕಾಲೇಜನ್ನು ಆರಂಭಿಸಿತು. ರಾನಡೆಯವರು ಅಲ್ಲಿಯೂ ಪಾಠ ಹೇಳಿದರು.

ಆರೋಗ್ಯ ಮತ್ತೆ ಕೈಕೊಟ್ಟಿತು. 1924ರಲ್ಲಿ ಅವರು ಪುಣೆಯ ನೌಕರಿಯನ್ನು ಬಿಟ್ಟು ನಿಂಬಾಳಕ್ಕೆ ಬಂದರು. ವಿಜಯಪುರ–ಸೊಲ್ಲಾಪುರ ರೈಲುಮಾರ್ಗದ ಒಂದು ಸಣ್ಣ ನಿಲ್ದಾಣ, ಸುತ್ತ ಎರೆಭೂಮಿ, ಜೋಳದ ಹೊಲ. ಹಣವೂ ಹೋಯಿತು, ಸಂಸ್ಥೆಯ ಹೆಸರೂ ಹೋಯಿತು ಎಂದು ಲೋಕ ತಿಳಿದಿದ್ದರೆ ಆಶ್ಚರ್ಯವಿಲ್ಲ. ಆದರೆ ಉಪನಿಷತ್ತುಗಳ ತತ್ತ್ವವನ್ನು ಸಮಗ್ರವಾಗಿ ಪರಿಶೀಲಿಸಿದ ಅವರ ಇಂಗ್ಲಿಷ್ ಗ್ರಂಥವು, ಬಹುಕಾಲದ ಸಿದ್ಧತೆಯ ಫಲವಾಗಿ, 1926ರಲ್ಲಿ ಪ್ರಕಟವಾಯಿತು. ಅವರಿಗೆ ದೊಡ್ಡ ಕೀರ್ತಿ ತಂದ ಗ್ರಂಥ ಹೊರಬಂದದ್ದು ಅವರು ಯಾವ ಕಾಲೇಜಿನ ಪ್ರಾಧ್ಯಾಪಕರೂ ಆಗಿರದ ದಿನಗಳಲ್ಲಿ.

ಆ ಬಳಿಕ ಹೆಸರು ತಾನಾಗಿಯೇ ಅವರನ್ನು ಹುಡುಕಿಕೊಂಡು ಬಂತು. ಅಲಾಹಾಬಾದ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಮಹಾಮಹೋಪಾಧ್ಯಾಯ ಗಂಗಾನಾಥ ಝಾ ಅವರು 1927ರಲ್ಲಿ ರಾನಡೆಯವರನ್ನು ತತ್ತ್ವಶಾಸ್ತ್ರ ವಿಭಾಗಕ್ಕೆ ಆಹ್ವಾನಿಸಿದರು. 1887ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾಲಯವು ಆಗ ಉತ್ತರ ಭಾರತದ ಅತ್ಯಂತ ಗೌರವಾನ್ವಿತ ವಿದ್ಯಾಕೇಂದ್ರಗಳಲ್ಲಿ ಒಂದು. ರಾನಡೆಯವರು ಒಪ್ಪಿದರು. ವಿರಕ್ತಿಯ ಹೆಸರಿನಲ್ಲಿ ಗೌರವವನ್ನು ತಳ್ಳಿಹಾಕಲಿಲ್ಲ. ಗೌರವಕ್ಕಾಗಿ ನಿಂಬಾಳವನ್ನೂ ಬಿಡಲಿಲ್ಲ. ರಜೆ ಬಂತೆಂದರೆ ಪ್ರಯಾಗದಿಂದ ಉದ್ದನೆಯ ರೈಲುಪ್ರಯಾಣ ಮಾಡಿ ಆ ಸಣ್ಣ ನಿಲ್ದಾಣದಲ್ಲಿ ಇಳಿಯುತ್ತಿದ್ದರು. 1933ರಲ್ಲಿ ಮಹಾರಾಷ್ಟ್ರದ ಸಂತರ ಅನುಭಾವವನ್ನು ಕುರಿತ ಅವರ ಹಿರಿಯ ಗ್ರಂಥ ಹೊರಬಂತು. ವಿಭಾಗದ ಮುಖ್ಯಸ್ಥರಾಗಿ, ಕೊನೆಗೆ ಕುಲಪತಿ ಪದವಿಯನ್ನೂ ನಿರ್ವಹಿಸಿ, 1946ರಲ್ಲಿ ನಿವೃತ್ತರಾದರು. ಮುಂದೆ ನಿಂಬಾಳವೇ ಅವರ ಮನೆ. 1957ರ ಜೂನ್ 6ರಂದು ಅಲ್ಲಿಯೇ ಕಣ್ಮುಚ್ಚಿದರು. ಕನ್ನಡದ ಶರಣರು ಮತ್ತು ದಾಸರು ತೋರಿದ ಭಗವನ್ಮಾರ್ಗವನ್ನು ಕುರಿತ ಅವರ ಗ್ರಂಥವು ಮರಣಾನಂತರ 1960ರಲ್ಲಿ ಬೆಳಕು ಕಂಡಿತು. ಮರಾಠಿ ಮನೆಯ ಹುಡುಗ ಜಮಖಂಡಿಯ ಬೀದಿಯಲ್ಲಿ ಕೇಳಿದ ಕನ್ನಡದ ಋಣ ಹಾಗೆ ಸಂದಿತು.

ವಿದ್ಯಾರ್ಥಿನಿಗೆ ನಾನು ಇಷ್ಟನ್ನು ಹೇಳಿ, ಕೊನೆಗೆ ನನ್ನದೊಂದು ಮಾತನ್ನೂ ಸೇರಿಸಿದೆ. ಮೂರು ದಶಕಗಳ ಹಿಂದೆ ನನ್ನ ಮುಂದೆಯೂ ಇಂಥವೇ ಎರಡು ಪತ್ರಗಳಿದ್ದವು. ನಾನು ಹೆಸರನ್ನು ಆರಿಸಿಕೊಂಡೆ. ಆ ವರ್ಷ ನನ್ನ ತಂದೆ ಒಂದು ಜೋಡಿ ಎತ್ತುಗಳನ್ನು ಮಾರಿದರು. ಮರುವರ್ಷದ ಬಿತ್ತನೆಗೆ ಬೇರೆಯವರ ಎತ್ತುಗಳಿಗಾಗಿ ಕಾಯ್ದು ಹದ ತಪ್ಪಿಸಿಕೊಂಡರು. ಪದವಿಪತ್ರ ಇಂದಿಗೂ ಕಪಾಟಿನಲ್ಲಿದೆ. ಅಲ್ಲಿ ಕಲಿತದ್ದು ಸುಳ್ಳಲ್ಲ. ಆದರೆ ಆ ಎತ್ತುಗಳ ಬೆಲೆಗೆ ತಕ್ಕಷ್ಟು ಓದಿದೆನೇ ಎಂದು ಕೇಳಿಕೊಂಡಾಗಲೆಲ್ಲ ನಾನು ತಲೆ ತಗ್ಗಿಸುತ್ತೇನೆ. ಹೆಸರನ್ನು ನೋಡಿ ಹೋಗಿದ್ದೆ. ಏನನ್ನು ಓದಲು ಹೋಗುತ್ತಿದ್ದೇನೆಂದು ಕೇಳಿಕೊಂಡಿರಲಿಲ್ಲ.

ರಾನಡೆಯವರ ಜೀವನದಿಂದ ಹಣ ಮೇಲೋ ಹೆಸರು ಮೇಲೋ ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಅವರು ಒಮ್ಮೆ ವಿದ್ಯಾರ್ಥಿವೇತನವನ್ನು ಪಡೆದರು, ಒಮ್ಮೆ ಅಲ್ಪ ವೇತನವನ್ನು ಒಪ್ಪಿದರು, ಒಮ್ಮೆ ಎಲ್ಲವನ್ನೂ ಬಿಟ್ಟರು, ಒಮ್ಮೆ ದೊಡ್ಡ ಪೀಠವನ್ನೇರಿದರು. ನಾಲ್ಕು ಸಲವೂ ಓದಬೇಕಾದ ವಿಷಯ ಮತ್ತು ಮರಳಬೇಕಾದ ಊರು ಅವರ ಮನಸ್ಸಿನಲ್ಲಿ ಸ್ಥಿರವಾಗಿದ್ದವು. ಆದುದರಿಂದ ಆಕೆಗೆ ಎರಡೇ ಪ್ರಶ್ನೆಗಳನ್ನು ಬರೆದುಕೊಟ್ಟೆ. ನಿನಗೆ ಬೇಕಾದ ವಿಷಯವನ್ನು ಎರಡೂ ಕಡೆ ಯಾರು ಕಲಿಸುತ್ತಾರೆ? ನೀನು ಹೋದರೆ ಮನೆಯಲ್ಲಿ ಏನು ಮಾರಾಟವಾಗುತ್ತದೆ?

ಒಂದು ವಾರದ ಬಳಿಕ ಆಕೆ ವಿದ್ಯಾರ್ಥಿವೇತನವನ್ನು ಒಪ್ಪಿಕೊಂಡ ಸುದ್ದಿಯನ್ನು ಹೇಳಿದಳು. ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ತನಗೆ ಬೇಕಾದ ಹಸ್ತಪ್ರತಿಗಳಿವೆಯೆಂದು ಅವಳೇ ವಿಚಾರಿಸಿ ತಿಳಿದುಕೊಂಡಿದ್ದಳು. ಅವಳು ಇನ್ನೊಂದನ್ನು ಆರಿಸಿದ್ದರೂ ನಾನು ಬೇಡವೆನ್ನುತ್ತಿರಲಿಲ್ಲ. ವಿಚಾರಿಸಿ ಆರಿಸಿದಳಲ್ಲ, ಅದೇ ನನಗೆ ಸಮಾಧಾನ.