ಹಾಕಿ ಮಾಂತ್ರಿಕ ಧ್ಯಾನ್‌ಚಂದ್: ಕೀರ್ತಿ ಬೆಟ್ಟದಷ್ಟು, ಕಾಸು ಬೊಗಸೆಯಷ್ಟು

ಬಾಗಲೂರು: ನಮ್ಮ ಕಡೆ ಬಸ್ ಹತ್ತಿದರೆ ಯೂನಿಫಾರಂ ತೊಟ್ಟವರು ಒಬ್ಬರಾದರೂ ಕಣ್ಣಿಗೆ ಬೀಳ್ತಾರೆ. ಯಲಹಂಕದಲ್ಲಿ ವಾಯುಸೇನೆ ಇದೆ, ಬಿಎಸ್‌ಎಫ್ ಇದೆ, ಸಿಆರ್‌ಪಿಎಫ್ ಇದೆ. ಹೀಗೇ ಒಬ್ಬ ಸಾದಾ ಸಿಪಾಯಿ ಭಾರತಕ್ಕೆ ಮೂರು ಒಲಿಂಪಿಕ್ ಚಿನ್ನ ಗೆದ್ದುಕೊಟ್ಟ. ಹೆಸರು ಧ್ಯಾನ್‌ಚಂದ್. ಆತನ ಹೆಸರು ಕೇಳದವರಿಲ್ಲ. ಬದುಕು ಗೊತ್ತಿರೋರು ಮಾತ್ರ ಕಮ್ಮಿ.

ಹುಟ್ಟಿದ್ದು 1905ರ ಆಗಸ್ಟ್ 29, ಅಲಹಾಬಾದಿನಲ್ಲಿ. ಅಪ್ಪ ಸಮೇಶ್ವರ ಸಿಂಗ್ ಕೂಡ ಸೈನ್ಯದವರೇ. ವರ್ಗ ಆದಲ್ಲೆಲ್ಲ ಸಂಸಾರ ಕಟ್ಟಿಕೊಂಡು ಅಲೆದಾಟ. ಕಡೆಗೆ ಝಾನ್ಸಿಯಲ್ಲಿ ನೆಲೆ ನಿಂತರು. ಹುಡುಗನ ಓದು ಆರು ವರ್ಷಕ್ಕೇ ಖಲಾಸ್. 1922ರಲ್ಲಿ ಸೈನ್ಯಕ್ಕೆ ಸೇರಿದ. ಹಾಕಿ ಕೋಲನ್ನು ಸರಿಯಾಗಿ ಹಿಡಿದದ್ದೇ ಅಲ್ಲಿ. ಆಟ ಕಲಿಸಿದವರು ಸುಬೇದಾರ್ ಮೇಜರ್ ಬಾಲೆ ತಿವಾರಿ. ಹಗಲೆಲ್ಲ ಡ್ಯೂಟಿ, ರಾತ್ರಿ ಬೆಳದಿಂಗಳಲ್ಲಿ ಅಭ್ಯಾಸ. ಮೂಲ ಹೆಸರು ಧ್ಯಾನ್ ಸಿಂಗ್. ಚಂದ್ರನ ಬೆಳಕಲ್ಲಿ ಆಡ್ತಿದ್ದದ್ದಕ್ಕೇ ಚಂದ್ ಸೇರಿಕೊಂಡಿತು ಅಂತಾರೆ.

1926ರಲ್ಲಿ ಸೈನ್ಯದ ತಂಡ ನ್ಯೂಜಿಲೆಂಡಿಗೆ ಹೋಯಿತು. ಆಡಿದ್ದು 21, ಗೆದ್ದದ್ದು 18, ಸೋತದ್ದು ಒಂದೇ ಒಂದು. ವಾಪಸ್ ಬಂದ ಸಿಪಾಯಿಗೆ ಸಿಕ್ಕ ಬಹುಮಾನ ಏನು ಗೊತ್ತಾ? ಲಾನ್ಸ್ ನಾಯಕ್ ಬಡ್ತಿ, ಅಷ್ಟೇ!

1928ರಲ್ಲಿ ಆಮ್‌ಸ್ಟರ್‌ಡಾಂ ಒಲಿಂಪಿಕ್ಸ್. ಐದು ಪಂದ್ಯದಲ್ಲಿ ಭಾರತ ಹೊಡೆದದ್ದು 29 ಗೋಲು, ಬಿಟ್ಟುಕೊಟ್ಟದ್ದು ಸೊನ್ನೆ. 29ರಲ್ಲಿ 14 ಧ್ಯಾನ್‌ಚಂದ್ ಒಬ್ಬರದೇ. ಫೈನಲ್‌ನಲ್ಲಿ ಹಾಲೆಂಡಿನವರನ್ನು ಅವರ ಊರಲ್ಲೇ 3–0ಯಿಂದ ಬಡಿದರು. 1932ರಲ್ಲಿ ಲಾಸ್ ಏಂಜಲೀಸ್. ಜಪಾನಿಗೆ 11–1, ಅಮೆರಿಕಕ್ಕೆ 24–1! ಅಮೆರಿಕದ ಮೇಲೆ ತಮ್ಮ ರೂಪ್ ಸಿಂಗ್ 10 ಗೋಲು, ಅಣ್ಣ 8. ಆ ಸಲ ಬಂದಿದ್ದದ್ದೇ ಮೂರು ತಂಡ ಅನ್ನೋದೂ ನಿಜ, ಅದನ್ನು ಮುಚ್ಚಿಡೋದು ಬೇಡ.

ನಿಜವಾದ ಪರೀಕ್ಷೆ ಆದದ್ದು 1936ರಲ್ಲಿ, ಬರ್ಲಿನ್ನಿನಲ್ಲಿ. ಆಗ ಧ್ಯಾನ್‌ಚಂದೇ ಕ್ಯಾಪ್ಟನ್. ಒಲಿಂಪಿಕ್ಸ್ ಶುರುವಾಗೋ ಮುಂಚೆ ಅಭ್ಯಾಸ ಪಂದ್ಯದಲ್ಲಿ ಜರ್ಮನಿ ನಮ್ಮವರನ್ನು 4–1ರಿಂದ ಸೋಲಿಸಿಬಿಟ್ಟಿತು. ಕ್ಯಾಪ್ಟನ್‌ಗೆ ನಿದ್ದೆ ಹಾರಿತು. ಊರಿಗೆ ತಂತಿ ಹೋಯಿತು, ದಾರಾ ಎಂಬ ಆಟಗಾರ ವಿಮಾನದಲ್ಲಿ ಬಂದಿಳಿದರು. ಫೈನಲ್‌ಗೆ ಎದುರಾದದ್ದು ಅದೇ ಜರ್ಮನಿ. ಮಳೆ ಬಂದು ಆಟ ಒಂದು ದಿನ ಮುಂದಕ್ಕೆ ಹೋಯಿತು. ಆಗಿನ್ನೂ ನಮ್ಮನ್ನು ಆಳ್ತಿದ್ದದ್ದು ಬ್ರಿಟಿಷರು. ಮೈದಾನಕ್ಕೆ ಇಳಿಯೋ ಮುಂಚೆ ಪಂಕಜ್ ಗುಪ್ತ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜ ಬಿಚ್ಚಿದರು, ಆಟಗಾರರು ಅದಕ್ಕೆ ಸೆಲ್ಯೂಟ್ ಹೊಡೆದರು. ಹೊಡೆದವರಲ್ಲಿ ಬ್ರಿಟಿಷರ ಸಂಬಳ ತಿನ್ನೋ ಸೈನಿಕರೂ ಇದ್ದರು, ನೆನಪಿರಲಿ. ಅರ್ಧ ಆಟಕ್ಕೆ ಬರೀ 1–0. ಒದ್ದೆ ಹುಲ್ಲಲ್ಲಿ ಕಾಲು ಜಾರುತ್ತೆ ಅಂತ ಧ್ಯಾನ್‌ಚಂದ್ ಬೂಟು ಕಿತ್ತೆಸೆದರು. ಕಡೆಗೆ 8–1. ಅವತ್ತು ಆಗಸ್ಟ್ 15. ಇನ್ನು ಹನ್ನೊಂದು ವರ್ಷಕ್ಕೆ ಅದೇ ತಾರೀಖು ನಮಗೆ ಏನಾಯಿತು ಅಂತ ಹೇಳಬೇಕಿಲ್ಲ. ಹಿಟ್ಲರ್ ಕರೆದು ದೊಡ್ಡ ಹುದ್ದೆ ಕೊಡ್ತೀನಿ ಅಂದನಂತೆ ಅನ್ನೋ ಕತೆ ಹೋಟೆಲ್ ಬೆಂಚುಗಳಲ್ಲಿ ಓಡಾಡುತ್ತೆ. ಬಿಡಿ, ಅದಿಲ್ಲದೇನೂ ಈ ಮನುಷ್ಯ ದೊಡ್ಡವನೇ.

1956ರಲ್ಲಿ ನಿವೃತ್ತಿ, ಅದೇ ವರ್ಷ ಪದ್ಮಭೂಷಣ. ಆಮೇಲೆ ಪಟಿಯಾಲದ ಕ್ರೀಡಾ ಸಂಸ್ಥೆಯಲ್ಲಿ ಹಾಕಿ ಕೋಚ್. ಆದರೆ ಪದಕ ತೂಗಿ ಯಾವ ಅಂಗಡಿಯವನೂ ಅಕ್ಕಿ ಕೊಡಲ್ಲ. ಕೊನೆಗಾಲದಲ್ಲಿ ಕೈ ಬರಿದು. ಮಗ ಅಶೋಕ್ ಕುಮಾರ್ ಹಾಕಿ ಹಿಡಿದದ್ದು ಅಪ್ಪನಿಗೇ ಇಷ್ಟವಿರಲಿಲ್ಲ. ಈ ಆಟದಿಂದ ಹೊಟ್ಟೆ ತುಂಬಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಮಗ ಕೇಳಲಿಲ್ಲ. 1975ರಲ್ಲಿ ಕೌಲಾಲಂಪುರದ ವಿಶ್ವಕಪ್ ಫೈನಲ್‌ನಲ್ಲಿ ಪಾಕಿಸ್ತಾನದ ಮೇಲೆ ಗೆಲುವಿನ ಗೋಲು ಹೊಡೆದದ್ದು ಇದೇ ಮಗ. ಆ ತಂಡದಲ್ಲಿ ನಮ್ಮ ಕೊಡಗಿನ ಬಿ.ಪಿ. ಗೋವಿಂದ ಕೂಡ ಇದ್ದರು.

ಮರುವರ್ಷವೇ ಮಾಂಟ್ರಿಯಲ್‌ನಲ್ಲಿ ಹುಲ್ಲು ಹೋಗಿ ಕೃತಕ ಹಾಸು ಬಂತು. ಭಾರತ ಏಳನೇ ಸ್ಥಾನಕ್ಕೆ ಬಿತ್ತು. ಮುದುಕ ಅದನ್ನೂ ನೋಡಬೇಕಾಯಿತು. 1979ರ ಡಿಸೆಂಬರ್ 3ರಂದು ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ಇನ್ನೆಂಟು ತಿಂಗಳು ಬದುಕಿದ್ದರೆ ಮಾಸ್ಕೋ ಚಿನ್ನ ನೋಡ್ತಿದ್ದರು. ಅದರಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಆಡಿದ್ದರು. ಅಲ್ಲಿಂದೀಚೆಗೆ ಹಾಕಿಯಲ್ಲಿ ಒಲಿಂಪಿಕ್ ಚಿನ್ನ ಬಂದಿಲ್ಲ. 41 ವರ್ಷ ಕಾದ ಮೇಲೆ 2021ರಲ್ಲಿ ಟೋಕಿಯೋ ಕಂಚು, 2024ರಲ್ಲಿ ಪ್ಯಾರಿಸ್ ಕಂಚು.

ಈಗ ದೇಶದ ದೊಡ್ಡ ಕ್ರೀಡಾ ಪ್ರಶಸ್ತಿಗೆ ಅವರದೇ ಹೆಸರು. ಹುಟ್ಟಿದ ದಿನ ರಾಷ್ಟ್ರೀಯ ಕ್ರೀಡಾ ದಿನ. ಸಂತೋಷ. ಆದರೆ ಅವರು ಕಲಿತದ್ದು ಬರೀ ನೆಲದ ಮೇಲೆ, ಬಿಟ್ಟಿ ಬೆಳಕಲ್ಲಿ. ಇವತ್ತಿನ ಹುಡುಗನಿಗೆ ಕೃತಕ ಹಾಸು ಬೇಕು, ದುಬಾರಿ ಕೋಲು ಬೇಕು. ಬಾಗಲೂರಿನ ಹುಡುಗ ಶಾಂತಿನಗರದ ಹಾಕಿ ಕ್ರೀಡಾಂಗಣ ಮುಟ್ಟಬೇಕಂದ್ರೆ ಇಡೀ ಬೆಂಗಳೂರು ದಾಟಬೇಕು. ಆಗಸ್ಟ್ 29ಕ್ಕೆ ಫೋಟೋಗೆ ಹಾರ ಹಾಕೋರು ಆ ಬಸ್ ಚಾರ್ಜನ್ನೂ ಸ್ವಲ್ಪ ಲೆಕ್ಕ ಹಾಕಲಿ.