ಮುಂಡರಗಿ ಭೀಮರಾಯ

ಮುಂಡರಗಿಯ ಭೀಮರಾಯರು ಬ್ರಿಟಿಷ್ ಸರ್ಕಾರದಲ್ಲೇ ಹುದ್ದೆಯಲ್ಲಿದ್ದವರು. 1857ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆ ಬಂತು. ಬೇಟೆ, ಕಾವಲಿನಿಂದ ಬದುಕುತ್ತಿದ್ದ ಹಲಗಲಿ ಬೇಡರಿಗೆ ಆಯುಧ ಅಂದ್ರೆ ಜೀವನಾನೇ. ಕೊಡಲ್ಲ ಅಂದಿದ್ದಕ್ಕೆ ಸೈನ್ಯ ಆ ಊರಿಗೇ ಬೆಂಕಿ ಹಚ್ಚಿತು. ಅವರ ಕಥೆ ಲಾವಣಿಯಾಗಿ ಉಳಿಯಿತು. ಅದನ್ನು ಬರೆದಿಟ್ಟವನು ಮಾತ್ರ ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ!

ಇತ್ತ ಭೀಮರಾಯರು ಗುಟ್ಟಾಗಿ ಆಯುಧ ಕೂಡಿಸುತ್ತಿದ್ದರು. 1858ರ ಮೇ ತಿಂಗಳಲ್ಲಿ ಹಮ್ಮಿಗಿಯಲ್ಲಿ ಅವು ಸರ್ಕಾರದ ಕೈಗೆ ಸಿಕ್ಕಿಬಿದ್ದವು. ಇನ್ನು ಕಾಯೋ ಹಾಗಿರಲಿಲ್ಲ. ಡಂಬಳದ ಖಜಾನೆ ಲೂಟಿ ಮಾಡಿ, ಹಮ್ಮಿಗಿ ಕೆಂಚನಗೌಡರ ಜೊತೆ ಕೊಪ್ಪಳ ಕೋಟೆ ಹಿಡಿದರು. ಜೂನ್ 1ರಂದು ಇಬ್ಬರೂ ಅಲ್ಲೇ ಹೋರಾಡುತ್ತಾ ಪ್ರಾಣ ಬಿಟ್ಟರು.

ಹಮ್ಮಿಗಿ ಅಂದ್ರೆ ನಮಗೆ ಬ್ಯಾರೇಜ್ ನೆನಪಾಗುತ್ತೆ. ಇನ್ಮೇಲೆ ಈ ಇಬ್ಬರೂ ನೆನಪಾಗಲಿ.